ಕಪ್ಪೆ ಗಾಡಿಯ ಕಾವು ಇಳಿಸುವ ಕುರಿತು

ಉಭಯ ಸಂಚಾರ ಕೋಶ (ನೆಲ ಮತ್ತು ನೀರು)
ಪ್ರಧಾನ ಕಚೇರಿ: ಸಿಂಧನೂರು
ಉಪಕಚೇರಿಗಳು: ಮಸ್ಕಿ, ಲಿಂಗಸುಗೂರು

ಸಂಖ್ಯೆ: ಉಸಂಕೋ/ಸಿಂ/ಶಾಖ/ಮುಚ್ಚಳ/07/ಪರಿಷ್ಕೃತ/ಮರುಪರಿಷ್ಕೃತ
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಕೋಶದ ಏಕಮಾತ್ರ ಉಭಯಚರ ವಾಹನದ ಎಂಜಿನ್ ಗೂಡಿನಲ್ಲಿ ಉಂಟಾಗುತ್ತಿರುವ ಶಾಖವನ್ನು ತಗ್ಗಿಸುವ, ತಗ್ಗದಿದ್ದಲ್ಲಿ ತಗ್ಗಿದೆ ಎಂದು ವರದಿ ಮಾಡುವ ಬಗ್ಗೆ.

ಉಲ್ಲೇಖ:
1) ಇದೇ ವಿಷಯದ ಮೇಲೆ ಈ ಕಚೇರಿಯ ಹಿಂದಿನ ಸುತ್ತೋಲೆ (ಎಂಜಿನ್ ಮುಚ್ಚಳದ ಮೇಲೆ ಇಟ್ಟಿದ್ದರಿಂದ ಕಂದಿಹೋಗಿದ್ದು, ಓದಲು ಬರುವುದಿಲ್ಲ).
2) ವಾಹನ ಚಾಲಕ ಶ್ರೀ ಕನಕರಾಜ ಅವರ ಮೌಖಿಕ ದೂರು. ಸ್ಥಳ: ಚಹಾದಂಗಡಿ.
3) ಬಳಗಾನೂರು ಸೀಮೆಯ ಕೊನೆ ಭಾಗದ ರೈತ ಮಹಿಳೆ ಶ್ರೀಮತಿ ಗದ್ದೆಮ್ಮ ಅವರ ಮೌಖಿಕ ಬೈಗುಳ. ಸ್ಥಳ: ಕಚೇರಿಯ ಬಾಗಿಲು.
4) ಜಾಗೃತ ದಳದ ಮೇಲ್ವಿಚಾರಕ ಶ್ರೀ ಇಶ್ತಿಯಾಕ್ ಅವರ ಜಪ್ತಿ ವರದಿ.

ಪ್ರಸ್ತಾವನೆ

ಎಂಜಿನ್ ಚಾಲೂ ಮಾಡಿದರೆ ಬಿಸಿಯಾಗುತ್ತದೆ ಎಂಬ ಅಂಶವು ಈ ಕೋಶದ ದೀರ್ಘ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ಸದರಿ ಅಂಶವನ್ನು ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ತಾಲ್ಲೂಕುಗಳ ಸಮಸ್ತ ಸಿಬ್ಬಂದಿ ಮತ್ತು ಸಾರ್ವಜನಿಕರ ಅವಗಾಹನೆಗೆ ತರಲು ಕೋಶವು ಹೆಮ್ಮೆಪಡುತ್ತದೆ.

ಈ ಸೀಮೆಯ ಗದ್ದೆಗಳಿಗೆ ನೀರುಣಿಸುವ ಕಾಲುವೆಯ ಆರಂಭದಲ್ಲಿ ನೀರಿದ್ದು, ಕೊನೆಯಲ್ಲಿ ಧೂಳಿದೆ. ನಡುವೆ ಅನುಮತಿಯಿಲ್ಲದೆ ನೀರೆಳೆಯುವ ಮೋಟಾರುಗಳಿವೆ. ಸದರಿ ಮೋಟಾರುಗಳನ್ನು ಹಿಡಿಯಲು ಕೋಶದ ಜಾಗೃತ ದಳವು ಈವರೆಗೆ ಜೀಪಿನಲ್ಲಿ ದಂಡೆಯ ಮೇಲೆ ಹೋಗುತ್ತಿತ್ತು. ಜೀಪು ಎಬ್ಬಿಸುವ ಧೂಳು ದೂರದಿಂದಲೇ ಕಾಣುವುದರಿಂದ, ದಳವು ತಲುಪುವಷ್ಟರಲ್ಲಿ ಮೋಟಾರುಗಳು ಮೇವಿನ ಬಣವೆಯೊಳಗೆ ಮಲಗಿರುತ್ತಿದ್ದವು. ನೀರಿನ ಮೇಲೆ ಬಂದರೆ ಧೂಳು ಏಳುವುದಿಲ್ಲ ಎಂಬುದನ್ನು ಕಂಡುಕೊಂಡ ಕೋಶವು, ನೆಲದ ಮೇಲೂ ನೀರಿನಲ್ಲೂ ಓಡುವ ಉಭಯಚರ ವಾಹನವೊಂದನ್ನು ತರಿಸಿಕೊಂಡಿತು. ಜನರು ಇದನ್ನು ಕಪ್ಪೆ ಗಾಡಿ ಎಂದು ಕರೆಯುತ್ತಿದ್ದು, ಈ ಬಗ್ಗೆ ಕೆಳಗೆ ಸೂಚನೆ 5ರಲ್ಲಿ ಕ್ರಮ ಜರುಗಿಸಲಾಗಿದೆ.

ನೀರು ಒಳಗೆ ಬರಬಾರದೆಂದು ತಯಾರಕರು ಎಂಜಿನ್ ಗೂಡನ್ನು ಎಲ್ಲ ಕಡೆಯಿಂದಲೂ ರಬ್ಬರ್ ಪಟ್ಟಿ ಹಾಕಿ ಬಿಗಿದಿದ್ದಾರೆ. ನೀರು ಒಳಗೆ ಬಂದಿಲ್ಲ. ಶಾಖವೂ ಹೊರಗೆ ಹೋಗಿಲ್ಲ. ಹೊಗೆಯ ಕೊಳವೆಯು ಗೂಡಿನೊಳಗೇ ಒಂದು ಸುತ್ತು ಹೊಡೆದು ಬರುವುದರಿಂದ, ಒಳಗಿನ ಫ್ಯಾನು ಅದೇ ಬಿಸಿಗಾಳಿಯನ್ನು ಹಿಡಿದು ಅದೇ ಎಂಜಿನ್‌ಗೆ ಮತ್ತೆ ಬೀಸುತ್ತದೆ. ಚಾಲಕನ ಆಸನವನ್ನು ಸದರಿ ಗೂಡಿನ ಮುಚ್ಚಳದ ಮೇಲೆಯೇ ಅಳವಡಿಸಲಾಗಿದೆ. ಚಾಲಕನ ತೊಡೆ ಸುಡುತ್ತಿರುವ ಸಂಗತಿಯು ಕೋಶದ ಗಮನಕ್ಕೆ ಇತ್ತೀಚೆಗೆ ಬಂದಿದೆ. ಚಾಲಕನ ಗಮನಕ್ಕೆ ಮೊದಲ ದಿನವೇ ಬಂದಿತ್ತು.

ಉಲ್ಲೇಖ (2)ರಲ್ಲಿ ಶ್ರೀ ಕನಕರಾಜ ಅವರು, "ಸಾಹೇಬ್ರ, ಇದು ಗಾಡಿ ಅಲ್ರೀ, ಒಲಿ ಐತಿ. ನಾ ಅದರ ಮ್ಯಾಲಿನ ಹಂಚು. ಇನ್ನೊಂದೀಟು ಕುಂತ್ರ ನನ್ನ ಮಗ್ಗಲ ತಿರುವಿ ಹಾಕಬೇಕಾಕ್ಕೈತಿ" ಎಂದು ಹೇಳಿರುತ್ತಾರೆ. ಹಂಚು ಎಂಬುದು ಚಾಲಕ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಇಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿತ್ತು.

ಆದರೆ ವಿಷಯವು ತೊಡೆಗಷ್ಟೇ ಸೀಮಿತವಾಗಿಲ್ಲ. ವಾಹನವು ಸಿಂಧನೂರಿನಿಂದ ಹೊರಟು, ಅನಧಿಕೃತ ಮೋಟಾರುಗಳ ಸಾಲು ಶುರುವಾಗುವ ತಿರುವಿಗೆ ಬಂದ ಕೂಡಲೇ ಕಾದು ನಿಂತುಬಿಡುತ್ತದೆ. ಮೋಟಾರು ಮಾಲೀಕರು ಸೌಜನ್ಯದಿಂದ ಚಹಾ ತಂದುಕೊಡುತ್ತಾರೆ. ತಮ್ಮ ಅನಧಿಕೃತ ಮೋಟಾರಿನ ನೀರನ್ನೇ ಕೊಡದಲ್ಲಿ ತುಂಬಿ ಎಂಜಿನ್ ಮೇಲೆ ಸುರಿಯುತ್ತಾರೆ. ದಳವು ಧನ್ಯವಾದ ತಿಳಿಸಿ ಹಿಂದಿರುಗುತ್ತದೆ. ಇದು ವಾಡಿಕೆಯಾಗಿದೆ.

ಸದರಿ ವಾಡಿಕೆಯಿಂದ ಬಾಧಿತರಾದವರು ಶ್ರೀಮತಿ ಗದ್ದೆಮ್ಮ. ಇವರ ಗದ್ದೆಯು ಕಾಲುವೆಯ ಕಟ್ಟಕಡೆಗಿದ್ದು, ಭತ್ತದ ಸಸಿ ಮಡಿಯಲ್ಲಿ ಬೆಳೆದು ನಾಟಿಗೆ ನಿಂತಿದೆ. ಗದ್ದೆಗೆ ನೀರು ಬಂದಿಲ್ಲ. ಇವರು ಚಾಲಕ ಕನಕರಾಜ ಅವರಿಗೆ ತಂದೆಯ ತಂಗಿಯೂ, ಮಗಳನ್ನು ಕೊಟ್ಟ ಅತ್ತೆಯೂ ಆಗಿರುವುದರಿಂದ, ಎರಡು ಸಂಬಂಧಗಳ ಅಡಿಯಲ್ಲಿಯೂ ಬೈಯುವ ಅಧಿಕಾರ ಹೊಂದಿರುತ್ತಾರೆ. ದಿನವೂ ಬಳಗಾನೂರಿನ ಬಸ್ಸಿಗೆ ಬಂದು ಕಚೇರಿಯ ಬಾಗಿಲಲ್ಲಿ ಕುಳಿತು ಸದರಿ ಅಧಿಕಾರವನ್ನು ಚಲಾಯಿಸಿದ್ದು, ಒಂದು ದಿನದ್ದನ್ನು ಮಾದರಿಗಾಗಿ ಯಥಾವತ್ತಾಗಿ ದಾಖಲಿಸಲಾಗಿದೆ:

"ಲೇ ಕನಕಾ, ನಿನ್ನ ಕಪ್ಪಿ ಇವತ್ತ ಎಲ್ಲಿ ಕಾಲು ಚಾಚೈತಿ? ಸಸಿ ಮಣಕಾಲುದ್ದ ಬಂದಾವ. ಈ ವಾರ ನಾಟಿ ಹಚ್ಚಲಿಲ್ಲಂದ್ರ ಅವನ್ನ ಕಿತ್ತು ಎಮ್ಮಿಗೆ ಹಾಕೂದ. ಎಮ್ಮಿ ಹಾಲು ಕೊಡತೈತಿ. ನಿಮ್ಮ ಆಫೀಸು ಏನು ಕೊಡತೈತಿ?"

ಇದಕ್ಕೆ ಶ್ರೀ ಕನಕರಾಜ ಅವರು, "ಅತ್ತಿ, ನಾ ಏನು ಮಾಡ್ಲಿ. ಅದು ಕಾಯಾಕತ್ತೈತಿ" ಎಂದಿದ್ದು, ಶ್ರೀಮತಿ ಗದ್ದೆಮ್ಮ ಅವರು, "ನಾನೂ ಕಾಯಾಕತ್ತೀನಿ ಬಿಡು" ಎಂದಿರುತ್ತಾರೆ. ಆ ದಿನ ಚಾಲಕರು ಮಧ್ಯಾಹ್ನದ ಊಟ ಮಾಡಿರುವುದಿಲ್ಲ ಎಂಬುದನ್ನು, ಊಟದ ವಿಷಯವು ಈ ಕೋಶಕ್ಕೆ ಸಂಬಂಧಿಸದಿದ್ದರೂ, ಗಮನಿಸಲಾಗಿದೆ.

ಈ ಹಿಂದೆ ಕೈಗೊಂಡ ಕ್ರಮ

ಬೇಸಿಗೆಯಲ್ಲಿ ಕೊಡಕ್ಕೆ ಹಸಿ ಗೋಣಿತಟ್ಟು ಸುತ್ತಿದರೆ ನೀರು ತಣ್ಣಗಿರುವುದು ಈ ಸೀಮೆಯ ಮನೆಮನೆಯ ರೂಢಿ. ಇದನ್ನು ಆಧರಿಸಿ ಎಂಜಿನ್ ಗೂಡಿಗೂ ಹಸಿ ತಟ್ಟು ಸುತ್ತಲು ಶ್ರೀ ಕನಕರಾಜ ಅವರೇ ಸಲಹೆ ನೀಡಿ, ಅತ್ತೆಯ ಭತ್ತದ ಚೀಲಗಳನ್ನು ತಾವೇ ತಂದು, ತಾವೇ ನೆನೆಸಿ, ಒಂದರ ಮೇಲೊಂದು ಸುತ್ತಿರುತ್ತಾರೆ. ಕೋಶವು ಅದನ್ನು ಅನುಮೋದಿಸಿ ಇನ್ನೂ ಎರಡು ಪದರ ಹೆಚ್ಚಿಸಿತು. ಕೊಡದೊಳಗೆ ಬೆಂಕಿ ಇರುವುದಿಲ್ಲ, ಎಂಜಿನ್ ಒಳಗೆ ಇರುತ್ತದೆ ಎಂಬ ವ್ಯತ್ಯಾಸವು ಯಾರ ಗಮನಕ್ಕೂ ಬಂದಿರಲಿಲ್ಲ. ಅಲ್ಪಸ್ವಲ್ಪ ಗಾಳಿ ಆಡುತ್ತಿದ್ದ ಸಂದುಗಳೂ ಮುಚ್ಚಿಹೋಗಿ, ಗೂಡಿನಿಂದ ಹಬೆ ಎದ್ದು, ದಢೇಸುಗೂರಿನ ಕಡೆಯಿಂದ ಬರುತ್ತಿದ್ದ ಕೆಲವರು ಯಾರದೋ ಮದುವೆಯ ಅಡುಗೆ ನಡೆದಿದೆಯೆಂದು ಭಾವಿಸಿ ಕೈ ತೊಳೆದುಕೊಂಡು ಬಂದಿರುತ್ತಾರೆ. ಚೀಲಗಳು ಸುಟ್ಟ ವಿಷಯವನ್ನು ಅತ್ತೆಗೆ ತಿಳಿಸುವ ಕೆಲಸವನ್ನು ಚಾಲಕರಿಗೇ ವಹಿಸಲಾಗಿತ್ತು.

ಮೇಲ್ಕಂಡ ಅನುಭವದ ಹಿನ್ನೆಲೆಯಲ್ಲಿ ಈ ಕೆಳಗಿನ ಸೂಚನೆಗಳನ್ನು ಹೊರಡಿಸಲಾಗಿದೆ.

ಸೂಚನೆಗಳು

1. ಎಂಜಿನ್ ಮುಚ್ಚಳದ ಮೇಲೆ ಸಿಬ್ಬಂದಿಯು ಜೋಳದ ರೊಟ್ಟಿಯನ್ನು ಕಡಕ್ ಮಾಡಿಕೊಳ್ಳುವುದು, ಪುಂಡಿಪಲ್ಲೆ ಬಿಸಿ ಮಾಡುವುದು, ಹಪ್ಪಳ ಒಣಗಿಸುವುದು ಇತ್ಯಾದಿ ಕಂಡುಬಂದಿದೆ. ಸರ್ಕಾರಿ ಶಾಖವು ಸರ್ಕಾರದ ಆಸ್ತಿ. ಅದನ್ನು ಖಾಸಗಿ ರೊಟ್ಟಿಗೆ ಬಳಸತಕ್ಕದ್ದಲ್ಲ. ಆದಾಗ್ಯೂ, ರೊಟ್ಟಿ ಇಟ್ಟಷ್ಟೂ ಮುಚ್ಚಳದ ಕಾವು ರೊಟ್ಟಿಗೆ ಹೋಗಿ ಇಳಿಯುತ್ತದೆ ಎಂದು ಸಿಬ್ಬಂದಿಯು ವಾದಿಸಿರುವುದರಿಂದ, ಮೇಲಧಿಕಾರಿಗಳ ರೊಟ್ಟಿಗೆ ಮಾತ್ರ ವಿನಾಯಿತಿ ನೀಡಲಾಗಿದೆ.

2. ಶಾಖವನ್ನು ಕಚೇರಿ ವೇಳೆಯಲ್ಲಿ ಮಾತ್ರ ಹೊರಬಿಡತಕ್ಕದ್ದು. ಎರಡನೇ ಶನಿವಾರ ಉಂಟಾಗುವ ಶಾಖವನ್ನು ಸೋಮವಾರದವರೆಗೆ ಗೂಡಿನಲ್ಲಿಯೇ ಕಾಯ್ದಿರಿಸತಕ್ಕದ್ದು.

3. ಶಾಖದ ಅಳತೆಗೆ ಬೇರೆ ಉಪಕರಣ ಇಲ್ಲದ ಕಾರಣ, ಜ್ವರ ನೋಡುವ ಥರ್ಮಾಮೀಟರನ್ನು ಎರವಲು ಪಡೆಯಲಾಗಿತ್ತು. ಅದು ತೋರಿಸಬಹುದಾದಷ್ಟನ್ನೂ ತೋರಿಸಿ ನಿಂತಿದ್ದರಿಂದ, ವಾಹನಕ್ಕೆ ತೀವ್ರ ಜ್ವರವಿದೆ ಎಂದು ದಾಖಲಿಸಿ ವೈದ್ಯಕೀಯ ರಜೆ ಮಂಜೂರು ಮಾಡಲಾಗಿದೆ. ಅದೇ ದಿನ ಸುಟ್ಟ ತೊಡೆಗಾಗಿ ಚಾಲಕರೂ ರಜೆ ಕೇಳಿದ್ದರು. ಇಬ್ಬರಿಗೂ ಒಟ್ಟಿಗೆ ರಜೆ ನೀಡಿದರೆ ಕೆಲಸಕ್ಕೆ ತೊಂದರೆಯಾಗುವುದರಿಂದ ಚಾಲಕರ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಅವರು ರಜೆಯಲ್ಲಿದ್ದ ವಾಹನದ ಮೇಲೆ ಕುಳಿತು ಕರ್ತವ್ಯ ನಿರ್ವಹಿಸಿರುತ್ತಾರೆ.

4. ವಾಹನವು ಸಿಂಧನೂರಿನಲ್ಲಿದ್ದು, ಶಾಖದ ಕಡತವು ಲಿಂಗಸುಗೂರು ಉಪಕಚೇರಿಯಲ್ಲಿದೆ. ಆದುದರಿಂದ ವಾಹನ ಕಾದ ಕೂಡಲೇ ಚಾಲಕರು ಬಸ್ಸು ಹಿಡಿದು ಲಿಂಗಸುಗೂರಿಗೆ ಹೋಗಿ, ಖುದ್ದು ವರದಿ ಮಾಡತಕ್ಕದ್ದು. ಬಸ್ಸು ಲಿಂಗಸುಗೂರು ಮುಟ್ಟುವಷ್ಟರಲ್ಲಿ ಎಂಜಿನ್ ಆರಿರುವುದರಿಂದ, ಉಪಕಚೇರಿಯು ಇದುವರೆಗೆ ಶಾಖದ ಒಂದು ಪ್ರಕರಣವನ್ನೂ ದಾಖಲಿಸಿಲ್ಲ. ಈ ಸಾಧನೆಗಾಗಿ ಉಪಕಚೇರಿಯನ್ನು ಅಭಿನಂದಿಸಲಾಗಿದೆ.

5. ವಾಹನವನ್ನು ಕಪ್ಪೆ, ಕಪ್ಪಿ, ಕಪ್ಪೆ ಗಾಡಿ, ಕಪ್ಪಪ್ಪ ಎಂದು ಕರೆಯತಕ್ಕದ್ದಲ್ಲ. ಅದು ಬಂದಾಗ ದಂಡೆಯ ಮೇಲಿನ ಮಕ್ಕಳು ವಟಗುಟ್ಟತಕ್ಕದ್ದಲ್ಲ. ನಿಜವಾದ ಕಪ್ಪೆಗಳಿಗೆ ಈ ಕಲಂ ಅನ್ವಯಿಸುವುದಿಲ್ಲ.

6. ಗೂಡಿಗೆ ಗಾಳಿಕಂಡಿ ಕೊರೆದರೆ ಬಿಸಿ ಹೊರಹೋಗುತ್ತದೆ ಎಂಬ ಸಲಹೆ ಬಂದಿದೆ. ಕಂಡಿಯ ಮೂಲಕ ನೀರೂ ಒಳಬರಬಹುದಾದ ಸಾಧ್ಯತೆಯನ್ನು ಪರಿಗಣಿಸಿ, ಕಂಡಿಯ ಪಕ್ಕದಲ್ಲಿ "ನೀರಿಗೆ ಪ್ರವೇಶವಿಲ್ಲ" ಎಂಬ ಫಲಕ ಹಾಕುವ ಷರತ್ತಿಗೆ ಒಳಪಟ್ಟು ಅನುಮತಿ ನೀಡಲಾಗಿತ್ತು. ಫಲಕ ಬಂದಿದೆ. ಅದರ ಅಳತೆ ದೊಡ್ಡದಾಗಿ, ಕಂಡಿಗೆ ಜಾಗ ಉಳಿದಿಲ್ಲ.

7. ಮಸ್ಕಿ ಉಪಕಚೇರಿಯ ಸಿಬ್ಬಂದಿಯು ಈ ಸುತ್ತೋಲೆಯನ್ನು ಯಾವುದೇ ಬಂಡೆಯ ಮೇಲೆ ಕೊರೆಯಿಸತಕ್ಕದ್ದಲ್ಲ. ಸದರಿ ಊರಿನಲ್ಲಿ ಹಿಂದಿನ ಒಂದು ಸರ್ಕಾರವು ಹಾಗೆ ಮಾಡಿದ್ದು, ಆ ಆದೇಶವನ್ನು ಇಂದಿನವರೆಗೂ ಹಿಂಪಡೆಯಲು ಸಾಧ್ಯವಾಗಿಲ್ಲ.

8. ಜಾಗೃತ ದಳವು ಪರಿಚಯದವರ ಮೋಟಾರುಗಳನ್ನು ಬಿಟ್ಟು ಮುಂದೆ ಹೋಗುತ್ತದೆ ಎಂಬ ದೂರುಗಳಿರುವುದರಿಂದ, ಕಾಲುವೆಯಿಂದ ಅನುಮತಿಯಿಲ್ಲದೆ ನೀರು ಎಳೆಯುವ ಮೋಟಾರು ಯಾರದೇ ಆಗಿರಲಿ, ಕಣ್ಣಿಗೆ ಬಿದ್ದ ಮೊದಲನೆಯದರಿಂದಲೇ ಜಪ್ತಿ ಶುರುಮಾಡತಕ್ಕದ್ದು. ಒಂದನ್ನೂ ಬಿಡತಕ್ಕದ್ದಲ್ಲ. ಶ್ರೀ ಇಶ್ತಿಯಾಕ್ ಅವರು ಈ ಕಲಮನ್ನು ಬಾಯಿಪಾಠ ಮಾಡಿರುವುದಾಗಿ ತಿಳಿಸಿರುತ್ತಾರೆ.

9. ಮೇಲಿನ ಯಾವ ಸೂಚನೆಯಿಂದಲೂ ಶಾಖವು ಇಳಿಯದ ಕಾರಣ, ಸಿಂಧನೂರಿನ ವೆಲ್ಡಿಂಗ್ ಅಂಗಡಿಯ ಶ್ರೀ ಮಕ್ತುಮ್‌ಸಾಬ್ ಅವರನ್ನು ಕರೆಸಲಾಯಿತು. ವಾಹನವು ಹೇಗೂ ನೀರಿನಲ್ಲಿಯೇ ಇರುವುದರಿಂದ, ಆ ನೀರನ್ನೇ ಒಂದು ಸಣ್ಣ ಮೋಟಾರಿನಿಂದ ಎಳೆದು ಗೂಡಿನ ಸುತ್ತ ಕೊಳವೆಯಲ್ಲಿ ಹರಿಸಿ ಮತ್ತೆ ಕಾಲುವೆಗೆ ಬಿಡುವ ಬೃಹತ್ ಯೋಜನೆಗೆ ಕೋಶವು ಸಂಭ್ರಮದಿಂದ ಒಪ್ಪಿಗೆ ನೀಡಿತು. ಮೋಟಾರು ಕಳಚಿ ಕಳುವಾಗಬಾರದೆಂದು ಅದನ್ನು ವಾಹನಕ್ಕೇ ಬೆಸೆಯಲು ಸೂಚಿಸಲಾಯಿತು. ಶ್ರೀ ಮಕ್ತುಮ್‌ಸಾಬ್ ಅವರು, "ಇನ್ನ ಇದು ಬಿಚ್ಚೂದಿಲ್ರೀ ಸಾಹೇಬ್ರ. ಬಿಚ್ಚಬೇಕಂದ್ರ ಗಾಡೀನ ಕೊಯ್ಯಬೇಕು" ಎಂದು ಭರವಸೆ ನೀಡಿರುತ್ತಾರೆ.

ಪ್ರಾಯೋಗಿಕ ಸಂಚಾರದ ವರದಿ

ನಿಗದಿತ ದಿನ ಬೆಳಿಗ್ಗೆ ತೆಂಗಿನಕಾಯಿ ಒಡೆದು ವಾಹನವನ್ನು ಕಾಲುವೆಗೆ ಇಳಿಸಲಾಯಿತು. ಶ್ರೀ ಕನಕರಾಜ ಅವರು ಆಸನದ ಮೇಲೆ ರೂಢಿಯಂತೆ ಒಂದು ಮಗ್ಗಲಿಗೆ ಕುಳಿತು, ಸ್ವಲ್ಪ ದೂರ ಹೋದ ಮೇಲೆ ಅನುಮಾನದಿಂದ ಇನ್ನೊಂದು ಮಗ್ಗಲನ್ನೂ ಊರಿ, ಕಡೆಗೆ ಪೂರ್ತಿ ಕುಳಿತಿರುತ್ತಾರೆ. ಹಲವು ತಿಂಗಳ ನಂತರ ಅವರು ನೇರವಾಗಿ ಕುಳಿತದ್ದು ಇದೇ ಮೊದಲು. ವಾಹನವು ಎಂದೂ ದಾಟದ ತಿರುವನ್ನು ದಾಟಿತು. ಚಹಾದ ಕೆಟಲಿ ಹಿಡಿದು ದಂಡೆಗೆ ಬಂದಿದ್ದ ಮೋಟಾರು ಮಾಲೀಕರು ಕೆಟಲಿ ಸಮೇತ ಬೆಪ್ಪಾಗಿ ನಿಂತದ್ದನ್ನು ಚಾಲಕರು ನೋಡಿದ್ದು, ಆ ಕ್ಷಣದಲ್ಲಿ ಅವರು ಅತ್ತೆಯ ಸಸಿಮಡಿಯನ್ನು ನೆನೆದಿದ್ದಾಗಿ ನಂತರ ಒಪ್ಪಿಕೊಂಡಿರುತ್ತಾರೆ. ಶ್ರೀಮತಿ ಗದ್ದೆಮ್ಮ ಅವರು ಸ್ವಲ್ಪ ಮುಂದಿನ ಕಾಲುವೆ ಸೇತುವೆಯ ಮೇಲೆ ಸೆರಗು ಬಿಗಿದು ನಿಂತಿದ್ದರು. ಮೊದಲ ಅನಧಿಕೃತ ಮೋಟಾರು ಕೂಗಿದರೆ ಕೇಳುವಷ್ಟು ಹತ್ತಿರವಿತ್ತು.

ಆಗ ಹಿಂದಿನ ಆಸನದಿಂದ ಶ್ರೀ ಇಶ್ತಿಯಾಕ್ ಅವರು ವಾಹನವನ್ನು ನಿಲ್ಲಿಸಿರುತ್ತಾರೆ. ನಡೆದ ಸಂಭಾಷಣೆಯು ಜಪ್ತಿ ವರದಿಯಲ್ಲಿ ಈ ಕೆಳಗಿನಂತೆ ಇದೆ.

"ಕನಕರಾಜ, ಗಾಡಿ ನಿಂದ್ರಸು."

"ಯಾಕ್ರೀ ಸಾಬ್, ಕಾದಿಲ್ಲಲ್ರೀ. ಮುಚ್ಚಳ ಮುಟ್ಟಿ ನೋಡ್ರಿ, ಕೂಸಿನ ಕೆನ್ನಿ ಇದ್ದಂಗ ಐತಿ."

"ಅದಕ್ಕ ನಿಂದ್ರಸು ಅಂದೆ. ಯಾಕ ಕಾದಿಲ್ಲ?"

"ಮೋಟ್ರು ನೀರು ಎಳದು ಬಿಡಾಕತ್ತೈತಲ್ರೀ."

"ಎಲ್ಲಿಂದ ಎಳ್ಯಾಕತ್ತೈತಿ?"

ಚಾಲಕರು ನೀರನ್ನು ನೋಡಿ, ಆಕಾಶವನ್ನು ನೋಡಿ, "ಕಾಲುವಿಯಿಂದ್ರಿ" ಎಂದಿರುತ್ತಾರೆ.

"ಪರ್ಮಿಷನ್ ಐತೇನು?"

"ಸಾಬ್, ಎಳದ ನೀರು ತಿರುಗಿ ಕಾಲುವಿಗೇ ಬೀಳತೈತ್ರೀ. ಒಂದು ಹನಿ ಹೊರಗ ಹೋಗೂದಿಲ್ಲ."

"ಬೀಳೂದರ ಬಗ್ಗೆ ಆರ್ಡರ್‌ನಾಗ ಏನೂ ಇಲ್ಲಪ್ಪಾ. ಎಳಿಯೂದರ ಬಗ್ಗೆ ಐತಿ. ಮೊದಲನೇದು ಇದ ಕಂಡೈತಿ. ಇದನ್ನ ಬಿಟ್ಟು ಮುಂದಿಂದು ಹಿಡದ್ರ, ನಮ್ಮವರ ಮೋಟ್ರು ಬಿಟ್ಟ ಅಂತ ನಾಳೆ ನನ್ನ ಮ್ಯಾಲ ಬರತೈತಿ."

ಸೇತುವೆಯ ಮೇಲಿಂದ ಶ್ರೀಮತಿ ಗದ್ದೆಮ್ಮ ಅವರು ಮಧ್ಯಪ್ರವೇಶಿಸಿ, "ಇಶ್ತಿಯಾಕಪ್ಪಾ, ನಿನ್ನ ಮೋಟ್ರು ನೀನ ಹಿಡದಿ. ಹಿಡಿ, ಬ್ಯಾಡ ಅನ್ನೂದಿಲ್ಲ. ಈಗ ಅದನ್ನ ಮಡಿಲಾಗ ಇಟಗೊಂಡು ಮುಂದಕ ನಡಿ" ಎಂದಿದ್ದಾರೆ.

"ಹೆಂಗ ನಡೀಲವ್ವಾ. ಮೋಟ್ರು ಗಾಡಿಗೆ ಬೆಸದಾರ. ಮೋಟ್ರು ಜಪ್ತಿ ಆತಂದ್ರ ಗಾಡೀನೂ ಜಪ್ತಿ."

"ಹಂಗಾದ್ರ ಅದರ ಮ್ಯಾಲ ಕುಂತ ನನ್ನ ಅಳಿಯಾನೂ ಜಪ್ತಿ ಏನು? ಒಯ್ಯಿ ಅತ್ಲಾಗ. ಮನ್ಯಾಗ ರೊಟ್ಟಿ ಉಳೀತಾವ."

ಶ್ರೀ ಕನಕರಾಜ ಅವರು ಎಂಜಿನ್ ಆರಿಸಿ, ಕೀಲಿಯನ್ನು ಒಪ್ಪಿಸಿ, ತಣ್ಣಗಿದ್ದ ಮುಚ್ಚಳವನ್ನು ಇನ್ನೊಮ್ಮೆ ಮುಟ್ಟಿ ನೋಡಿದರು. ಅತ್ತೆಯ ಕಡೆ ನೋಡುವ ಧೈರ್ಯ ಅವರಿಗಾಗಿಲ್ಲ. ಇಷ್ಟು ದಿನ ಗಾಡಿ ಕಾದು ನಿಲ್ಲುತ್ತಿತ್ತು, ಅದಕ್ಕೊಂದು ನೆಪವಾದರೂ ಇತ್ತು. ಇವತ್ತು ಕಾಯದೆ ನಿಂತದ್ದಕ್ಕೆ ಏನು ಹೇಳಲಿ ಎಂಬುದು ಅವರ ಯೋಚನೆಯಾಗಿತ್ತು. ಜಪ್ತಿ ವರದಿಯ ನಮೂನೆಯಲ್ಲಿ ಯೋಚನೆಗೆ ಅಂಕಣವಿಲ್ಲ.

ಪಂಚನಾಮೆಗೆ ಇಬ್ಬರು ಪಂಚರು ಬೇಕಾಗಿದ್ದು, ಸಮೀಪದಲ್ಲಿ ಸಿಕ್ಕ ಇಬ್ಬರು ರೈತರಿಂದ ಸಹಿ ಪಡೆಯಲಾಗಿದೆ. ಇವರಿಬ್ಬರೂ ಮುಂದಿನ ಎರಡು ಅನಧಿಕೃತ ಮೋಟಾರುಗಳ ಮಾಲೀಕರೆಂದು ಆನಂತರ ತಿಳಿದುಬಂದಿದೆ. ಮರಳಿ ಹೋಗುವಾಗ ಒಬ್ಬರು ಇನ್ನೊಬ್ಬರಿಗೆ, "ಸರಕಾರದ ಮೋಟ್ರನ್ನ ಬಿಡಲಿಲ್ಲಲೇ ಇಂವ. ಗಾಡಿ ಸೈತ ಕಸಗೊಂಡ. ನಾವು ಯಾವ ಲೆಕ್ಕ. ನಡಿ, ಬಿಚ್ಚೂನು" ಎಂದದ್ದನ್ನು ಶ್ರೀ ಕನಕರಾಜ ಅವರು ಕೇಳಿಸಿಕೊಂಡಿರುತ್ತಾರೆ. ಕೇಳಿಸಿಕೊಂಡು ಸುಮ್ಮನಿರುವುದು ಅಪರಾಧವಲ್ಲವಾದ್ದರಿಂದ ಕ್ರಮ ಕೈಗೊಂಡಿಲ್ಲ. ಸುದ್ದಿಯು ಕಾಲುವೆಯಗುಂಟ ಹರಡಿ, ಸಂಜೆಯೊಳಗಾಗಿ ಅನಧಿಕೃತ ಮೋಟಾರುಗಳೆಲ್ಲ ನೀರಿನಿಂದ ಮೇಲೆದ್ದವು. ಮರುದಿನ ಕೊನೆ ಭಾಗದಲ್ಲಿ ನೀರು ಕಾಣಿಸಿಕೊಂಡಿದೆ.

ಅಂತಿಮ ಆದೇಶ

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ.

ಅ) ಜಪ್ತಿಯಾದ ವಾಹನವನ್ನು ಬಿಡಿಸಿಕೊಳ್ಳಲು ಅದರ ಮಾಲೀಕರಾದ ಈ ಕೋಶವು ಈ ಕೋಶಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯನ್ನು ಕೊಡಲು ಅರ್ಜಿದಾರರು ಜಪ್ತಿಯಾದ ವಾಹನದಲ್ಲಿಯೇ ಹಾಜರಾಗತಕ್ಕದ್ದೆಂದು ನಿಯಮವಿರುವುದರಿಂದ, ಅರ್ಜಿಯನ್ನು ಸ್ವೀಕರಿಸಲು ಅವಕಾಶವಿಲ್ಲ.

ಆ) ಅಲ್ಲಿಯವರೆಗೆ ಶ್ರೀ ಕನಕರಾಜ ಅವರು ಆರೋಪಿಯಾಗಿಯೂ, ಸಾಕ್ಷಿಯಾಗಿಯೂ, ಕಾವಲುಗಾರರಾಗಿಯೂ ದಂಡೆಯ ಮೇಲೆ ಇರತಕ್ಕದ್ದು. ಮೂರೂ ಕರ್ತವ್ಯಗಳ ನಡುವೆ ಪರಸ್ಪರ ಮಾತನಾಡತಕ್ಕದ್ದಲ್ಲ.

ಇ) ಕೊನೆ ಭಾಗಕ್ಕೆ ನೀರು ತಲುಪಿಸುವ ಯೋಜನೆಯ ನಮೂನೆಯಲ್ಲಿ "ವಾಹನ ಸಂಚಾರದಿಂದ ತಲುಪಿದ ನೀರು" ಎಂಬ ಒಂದೇ ಅಂಕಣವಿದೆ. ಈ ನೀರು ತಲುಪಿದಾಗ ವಾಹನವು ಸಂಚರಿಸುತ್ತಿರಲಿಲ್ಲ. ಆದ್ದರಿಂದ ಸದರಿ ನೀರು ತಲುಪಿಲ್ಲವೆಂದೇ ಪರಿಗಣಿಸಿ, ಯೋಜನೆಯು ವಿಫಲವಾಗಿದೆಯೆಂದು ಈ ಮೂಲಕ ಘೋಷಿಸಲಾಗಿದೆ. ತಲುಪದೇ ಇರುವ ನೀರಿನಲ್ಲಿ ಯಾರೂ ನಾಟಿ ಮಾಡತಕ್ಕದ್ದಲ್ಲ.

ಈ) ಕಲಂ (ಇ)ಯನ್ನು ಓದಿ ಹೇಳಲು ಕಳುಹಿಸಿದ ಸಿಬ್ಬಂದಿಗೆ ಶ್ರೀಮತಿ ಗದ್ದೆಮ್ಮ ಅವರು, "ಕಾಗದದಾಗ ನೀವು ಏನರ ಬರಕೋರಿ ಯಪ್ಪಾ. ಓದೂದು ಮುಗದ್ರ ಆ ಸಸಿ ಕಟ್ಟು ಇತ್ಲಾಗ ಒಗಿ" ಎಂದಿದ್ದು, ಸಿಬ್ಬಂದಿಯು ಒಗೆದಿರುತ್ತಾರೆ. ಇದಕ್ಕಾಗಿ ಅವರಿಂದ ವಿವರಣೆ ಕೇಳಲಾಗಿದೆ.

ಸಹಿ/-
(ಸಹಿ ಅಸ್ಪಷ್ಟ, ಹುದ್ದೆ ಸ್ಪಷ್ಟ)
ಉಭಯ ಸಂಚಾರಾಧಿಕಾರಿ, ಪ್ರಭಾರ
ಸಿಂಧನೂರು

ಪ್ರತಿಗಳು:
1) ಉಪಕಚೇರಿ, ಲಿಂಗಸುಗೂರು: ಮಾಹಿತಿಗಾಗಿ.
2) ಉಪಕಚೇರಿ, ಮಸ್ಕಿ: ಮಾಹಿತಿ ಇಲ್ಲದಿರುವ ಬಗ್ಗೆ ಮಾಹಿತಿಗಾಗಿ.
3) ಶ್ರೀ ಇಶ್ತಿಯಾಕ್, ಜಾಗೃತ ದಳ: ಪ್ರಶಂಸಾ ಪತ್ರ ಮತ್ತು ಕಾರಣ ಕೇಳುವ ನೋಟಿಸು, ಒಂದೇ ಲಕೋಟೆಯಲ್ಲಿ.
4) ಶ್ರೀ ಮಕ್ತುಮ್‌ಸಾಬ್, ವೆಲ್ಡಿಂಗ್ ಅಂಗಡಿ: ಬೆಸುಗೆ ಗಟ್ಟಿಯಾಗಿರುವ ಬಗ್ಗೆ ದೂರು.
5) ಪಂಚರು, ಇಬ್ಬರು: ಚಹಾಕ್ಕಾಗಿ ವಂದನೆಗಳೊಂದಿಗೆ.
6) ಶ್ರೀ ಕನಕರಾಜ, ಚಾಲಕ: ದಂಡೆಯ ಮೇಲೆ ಹುಡುಕಲಾಗಿ ಸಿಕ್ಕಿರುವುದಿಲ್ಲ. ಪ್ಯಾಂಟು ಮಡಚಿಕೊಂಡು ಅತ್ತೆಯ ಗದ್ದೆಯಲ್ಲಿ ಇರುವುದು ಕಂಡುಬಂದಿದ್ದು, ಕೂಗಿದಾಗ ಆರೋಪಿಯೂ ಸಾಕ್ಷಿಯೂ ಕಾವಲುಗಾರನೂ ಒಬ್ಬರೂ ಓಗೊಟ್ಟಿಲ್ಲ.
7) ಶ್ರೀಮತಿ ಗದ್ದೆಮ್ಮ, ಕೊನೆ ಭಾಗ: ಪ್ರತಿಯನ್ನು ತೆಗೆದುಕೊಳ್ಳಲು ಎರಡೂ ಕೈ ಕೆಸರಾಗಿವೆ ಎಂದು ತಿಳಿಸಿದ್ದರಿಂದ, ಬದುವಿನ ಮೇಲಿಟ್ಟು ಕಲ್ಲು ಹೇರಿ ಬರಲಾಗಿದೆ. ನೀರು ಏರಿ ಸದರಿ ಪ್ರತಿಯು ತೊಯ್ದಿರುವ ಬಗ್ಗೆ ವರದಿ ಬಂದಿದ್ದು, ನೀರು ತಲುಪಿಲ್ಲವಾದ್ದರಿಂದ ವರದಿಯನ್ನು ತಿರಸ್ಕರಿಸಲಾಗಿದೆ.